ಗೊರಕೆಯೆಂದು ಮಲಗಲು ಬಿಡಬೇಡಿ

ಅಮೆರಿಕದಲ್ಲಿ ತುರ್ತು ಸಹಾಯಕ್ಕೆ 911 ಸಂಖ್ಯೆಗೆ ಕರೆ ಮಾಡುವವರೆಲ್ಲ ‘ನನ್ನ ತಮ್ಮ ಮಾದಕ ವಸ್ತು ಹೆಚ್ಚಾಗಿ ಸೇವಿಸಿದ್ದಾನೆ’ ಎಂದು ನೇರವಾಗಿ ಹೇಳುವುದಿಲ್ಲ. ‘ಎಬ್ಬಿಸಿದರೆ ಏಳುತ್ತಿಲ್ಲ, ಜೋರಾಗಿ ಗೊರಕೆ ಹೊಡೆಯುತ್ತಿದ್ದಾನೆ’ ಎನ್ನುತ್ತಾರೆ. ಒಬ್ಬರಿಗೆ ಪೊಲೀಸರ ಭಯ, ಇನ್ನೊಬ್ಬರಿಗೆ ಮರ್ಯಾದೆಯ ಚಿಂತೆ. ಕೆಲವರಿಗೆ ನಿಜವಾಗಿಯೂ ಗೊತ್ತಿರುವುದಿಲ್ಲ. ರೋಗಿಯನ್ನು ಕಾಣದೆ, ಕೇವಲ ಕಿವಿಯಿಂದ ಅಪಾಯವನ್ನು ಗುರುತಿಸಬೇಕಾದ ಕೆಲಸ ಕರೆ ಸ್ವೀಕರಿಸಿದವರದು. ಸ್ಟೆತಾಸ್ಕೋಪ್ ಹಿಡಿದೂ ಎಡವುವ ನಮ್ಮಂಥವರಿಗೆ ಅದರ ಕಷ್ಟ ಅರ್ಥವಾಗುತ್ತದೆ.

ಅವರು ಮೊದಲು ವಿಳಾಸ ಕೇಳುತ್ತಾರೆ. ನಂತರ, ಎಚ್ಚರವಿದೆಯೇ? ಉಸಿರಾಟ ಸರಿಯಾಗಿದೆಯೇ? ಅನುಮಾನ ಬಂದರೆ, ಪ್ರತಿ ಉಸಿರಿಗೂ ‘ಈಗ’ ಎನ್ನಿ ಎಂದು ಹೇಳಿ ಲೆಕ್ಕ ಹಾಕುತ್ತಾರೆ. ವಯಸ್ಕರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡಬೇಕು. ಹೆರಾಯಿನ್, ಫೆಂಟನಿಲ್, ಮಾರ್ಫಿನ್‌ನಂಥವು ಮಿತಿಮೀರಿದರೆ ಮೆದುಳಿನ ಉಸಿರಾಟದ ಕೇಂದ್ರವೇ ಮಂಕಾಗುತ್ತದೆ. ಉಸಿರಿನ ನಡುವಿನ ಅಂತರ ಹೆಚ್ಚುತ್ತದೆ, ಗಂಟಲಲ್ಲಿ ಗೊರಗೊರ ಸದ್ದು ಬರುತ್ತದೆ, ತುಟಿ ನೀಲಿಯಾಗುತ್ತದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಮನೆಯವರು ಗೊರಕೆಯೆಂದು ತಿಳಿದು ಹೊದಿಕೆ ಹೊದಿಸಿ ಬರುವುದು ಇದಕ್ಕೇ!

ಮನೆಯಲ್ಲಿ ನಲಾಕ್ಸೋನ್ ಇದ್ದರೆ ಮೂಗಿಗೆ ಸಿಂಪಡಿಸಲು ಫೋನಿನಲ್ಲೇ ಹೇಳಿಕೊಡುತ್ತಾರೆ. 2023ರಿಂದ ಅಲ್ಲಿ ಇದು ವೈದ್ಯರ ಚೀಟಿಯಿಲ್ಲದೆ ಸಿಗುತ್ತದೆ. ಎರಡು ಮೂರು ನಿಮಿಷಗಳಲ್ಲಿ ಗುಣ ಕಾಣದಿದ್ದರೆ ಮತ್ತೊಂದು ಸಲ. ಉಸಿರಾಟ ಸರಿಯಿಲ್ಲದಿದ್ದರೆ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ ಒತ್ತಿಸುತ್ತಾರೆ. ಎಚ್ಚರವಾಯಿತೆಂದು ಆಂಬುಲೆನ್ಸ್ ಬೇಡವೆನ್ನುವಂತಿಲ್ಲ. ನಲಾಕ್ಸೋನ್ ಪ್ರಭಾವ 30ರಿಂದ 90 ನಿಮಿಷ ಮಾತ್ರ, ಆಮೇಲೆ ಉಸಿರು ಮತ್ತೆ ಕುಗ್ಗಬಹುದು.

‘ಯಾರು ತಂದುಕೊಟ್ಟರು?’ ಎಂಬುದು ಆ ಹೊತ್ತಿನ ಪ್ರಶ್ನೆಯಲ್ಲ. ಹೆದರಿದವರು ಫೋನ್ ಇಟ್ಟುಬಿಡುತ್ತಾರೆ. ಹೀಗೆ ಕರೆ ಮಾಡಿದವರಿಗೆ ಕಾನೂನಿನ ರಕ್ಷಣೆಯನ್ನು ನ್ಯೂ ಮೆಕ್ಸಿಕೊ ರಾಜ್ಯ 2007ರಲ್ಲಿ ಕೊಟ್ಟಿತು. ಅನೇಕ ರಾಜ್ಯಗಳು ಅನುಸರಿಸಿದವು. ಆ ಕಾನೂನಿಗೆ ನಲಾಕ್ಸೋನ್‌ನಷ್ಟೇ ಬೆಲೆಯಿದೆ ಎಂಬುದು ನನ್ನ ಅಭಿಪ್ರಾಯ.

ಇದೆಲ್ಲ ದೂರದ ಮಾತೆನ್ನಬೇಡಿ. ಕ್ಯಾನ್ಸರ್ ನೋವಿಗೆ ಮಾರ್ಫಿನ್, ಬೇರೆ ನೋವಿಗೆ ಟ್ರಮಡಾಲ್ ನಮ್ಮ ಮನೆಗಳಲ್ಲೂ ಇವೆ. ವೈದ್ಯರು ಹೇಳಿದಂತೆ ತೆಗೆದುಕೊಂಡರೆ ಅವು ಉಪಕಾರಿ, ಹೆದರಿ ನಿಲ್ಲಿಸಬೇಡಿ. ಆದರೆ ಅಜ್ಜ ಮರೆತು ಎರಡೆರಡು ಸಲ ನುಂಗಬಹುದು, ಮಗು ಬಾಯಿಗೆ ಹಾಕಿಕೊಳ್ಳಬಹುದು. ಆಗ 108ಕ್ಕೆ ಕರೆ ಮಾಡಿ, ಮಾತ್ರೆಯ ಸ್ಟ್ರಿಪ್ ನೋಡಿಕೊಂಡೇ ಹೆಸರು ಹೇಳಿ. ಮಗ ಬೇರೇನನ್ನೋ ತೆಗೆದುಕೊಂಡಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಉಪ್ಪುನೀರು, ಕಾಫಿ ಕುಡಿಸಬೇಡಿ. ಉಸಿರಾಟ ಸರಿಯಿದ್ದರೆ ಮಗ್ಗುಲಿಗೆ ಮಲಗಿಸಿ. ಆಂಬುಲೆನ್ಸ್ ಬಾಗಿಲಿಗೆ ಬರುವವರೆಗೆ ಫೋನ್ ಇಡಬೇಡಿ.