ಕವಡೆ ಎಸೆದು ಕೇಳುವ ನಾಲ್ಕು ಪ್ರಶ್ನೆ

ಮಕ್ಕಳೇ, ರಜೆಯಲ್ಲಿ ಅಜ್ಜಿಯ ಜೊತೆ ಕೂತು ಚೌಕಾಬಾರ ಆಡಿದ್ದೀರಲ್ಲವೇ? ನಾಲ್ಕು ಕವಡೆ ಕುಲುಕಿ ಎಸೆಯುತ್ತೇವೆ. ಎಷ್ಟು ಕವಡೆಗಳ ಬಾಯಿ ಮೇಲಿದೆಯೋ ಅಷ್ಟು ಮನೆ ನಡೆ. ನಾಲ್ಕೂ ಬಾಯಿ ಮೇಲಾದರೆ ಚೌಕ. ನಾಲ್ಕೂ ಬೋರಲಾದರೆ ಬಾರ, ಅಂದರೆ 8 ಮನೆ.

ಈ ಎಸೆತ ಗಣಿತದ ಭಾಷೆಯಲ್ಲಿ ಒಂದು ‘ದ್ವಿಪದ ಪ್ರಯೋಗ’. ಹಾಗೆ ಕರೆಯಬೇಕಾದರೆ ನಾಲ್ಕು ಪ್ರಶ್ನೆಗಳಿಗೂ ‘ಹೌದು’ ಎಂಬ ಉತ್ತರ ಬರಬೇಕು.

1. ಎಷ್ಟು ಯತ್ನ ಎಂಬುದು ಮೊದಲೇ ಗೊತ್ತೇ? ಹೌದು, ಕವಡೆಗೆ ಒಂದರಂತೆ ನಾಲ್ಕು.

2. ಪ್ರತಿ ಯತ್ನಕ್ಕೂ ಎರಡೇ ಫಲವೇ? ಹೌದು, ಬಾಯಿ ಮೇಲೆ ಅಥವಾ ಬೋರಲು.

3. ಪ್ರತಿ ಯತ್ನವೂ ಸ್ವತಂತ್ರವೇ? ಹೌದು, ಒಂದು ಕವಡೆ ಇನ್ನೊಂದರ ಮಾತು ಕೇಳುವುದಿಲ್ಲ.

4. ಎಲ್ಲ ಯತ್ನಕ್ಕೂ ಸಂಭವನೀಯತೆ ಒಂದೇ ಇದೆಯೇ? ಕವಡೆಗಳು ಒಂದೇ ಆಕಾರ, ಗಾತ್ರದವಾದರೆ ಹೌದು.

ಇಲ್ಲಿ ಹಲವರು ಎಡವುತ್ತಾರೆ. ‘ಎರಡೇ ಫಲ, ಆದ್ದರಿಂದ ಅರ್ಧ ಅರ್ಧ’ ಎಂದುಬಿಡುತ್ತಾರೆ. ನಾಲ್ಕು ನಾಣ್ಯ ಎಸೆದಾಗ ನಾಲ್ಕೂ ತಲೆ ಬೀಳುವ ಸಂಭವನೀಯತೆ 16ರಲ್ಲಿ 1, ನಿಜ. ಆದರೆ ಕವಡೆಯ ಬೆನ್ನು ಉಬ್ಬು, ಬಾಯಿ ಚಪ್ಪಟೆ. ಚೌಕಕ್ಕೂ 16ರಲ್ಲಿ 1 ಎನ್ನುವಂತಿಲ್ಲ. ದ್ವಿಪದ ಪ್ರಯೋಗಕ್ಕೆ ‘ಅರ್ಧ’ ಬೇಕಿಲ್ಲ, ‘ಎಲ್ಲಕ್ಕೂ ಒಂದೇ’ ಎಂಬುದಷ್ಟೇ ಬೇಕು.

ಈಗ ಚೀಲದಲ್ಲಿ 5 ಕೆಂಪು, 5 ಹಸಿರು ಗೋಲಿ ಇವೆ ಎನ್ನಿ. ಕಣ್ಣು ಮುಚ್ಚಿ ಎರಡು ತೆಗೆಯಿರಿ. ಮೊದಲನೆಯದನ್ನು ಮತ್ತೆ ಒಳಗೆ ಹಾಕಿ ಕಲಸಿದರೆ ಎರಡೂ ಕೆಂಪಾಗುವ ಸಂಭವನೀಯತೆ 1/2 × 1/2, ಅಂದರೆ 1/4. ಇದು ದ್ವಿಪದ. ಹಾಕದೇ ಹೋದರೆ? ಮೊದಲು ಕೆಂಪು ಬಂದಿದ್ದರೆ ಉಳಿದ 9ರಲ್ಲಿ ಕೆಂಪು ನಾಲ್ಕೇ. ಲೆಕ್ಕ 1/2 × 4/9, ಅಂದರೆ 2/9. ಮೂರನೇ ಪ್ರಶ್ನೆಗೆ ‘ಇಲ್ಲ’ ಬಂತು, ಇದು ದ್ವಿಪದವಲ್ಲ. ಗೋಲಿ ಅವೇ, ಚೀಲ ಅದೇ, ಉತ್ತರ ಮಾತ್ರ ಬೇರೆ! ಸೂತ್ರ ಬಾಯಿಪಾಠವಿದ್ದರೂ ಪರೀಕ್ಷೆಯಲ್ಲಿ ಅಂಕ ಹೋಗುವುದು ಇಂಥಲ್ಲೇ.

‘ಬಾರ ಬೀಳುವವರೆಗೂ ಎಸೆಯುತ್ತೇನೆ’ ಎಂದು ತಮ್ಮ ಹಟ ಹಿಡಿದರೆ? ಎಷ್ಟು ಎಸೆತ ಬೇಕಾದೀತೆಂದು ಮೊದಲೇ ಗೊತ್ತಿಲ್ಲ. ಮೊದಲ ಪ್ರಶ್ನೆಯಲ್ಲೇ ‘ಇಲ್ಲ’.

ಕೊನೆಗೊಂದು ಒಗಟು. ದಾಳವನ್ನು 10 ಸಲ ಉರುಳಿಸುತ್ತೀರಿ. ದಾಳಕ್ಕೆ ಆರು ಮುಖ. ಇದು ದ್ವಿಪದವೇ?

ಉತ್ತರ: ನೀವು ಎಣಿಸುವುದು ಏನನ್ನು ಎಂಬುದರ ಮೇಲಿದೆ. ಬಿದ್ದ ಅಂಕಿಯನ್ನೆಲ್ಲ ಬರೆದುಕೊಂಡರೆ ಅಲ್ಲ. ‘6 ಬಿತ್ತೇ, ಇಲ್ಲವೇ’ ಎಂದಷ್ಟೇ ನೋಡಿ ಎಣಿಸಿದರೆ ಹೌದು!