ಕಡತವನ್ನು ಬಿಚ್ಚುವ ಅಧಿಕಾರ: ಪೂರ್ವನಿಯೋಜಿತ ಅನುಮತಿಗಳ ಪ್ರಶ್ನೆ

ಹುಣಿಸೆಬೀಜದ ಸರಿ ಮತ್ತು ಇದ್ದಿಲಿನ ಪುಡಿಯನ್ನು ಲೇಪಿಸಿದ ಕರಿಯ ಬಟ್ಟೆಯ ಮೇಲೆ ಬಳಪದಿಂದ ಬರೆದು ಮಡಿಚಿಡುತ್ತಿದ್ದ ದಾಖಲೆಗೆ ಕನ್ನಡದಲ್ಲಿ ‘ಕಡತ’ವೆಂದು ಹೆಸರು. ಶೃಂಗೇರಿ ಮಠದ ಕಡತಗಳು ಇದಕ್ಕೆ ಪ್ರಸಿದ್ಧ ನಿದರ್ಶನ. ಕಡತವನ್ನು ಯಾರ ಮುಂದೆ ಬಿಚ್ಚಬೇಕೆಂಬುದು ಅದನ್ನು ಇರಿಸಿಕೊಂಡವರ ವಿವೇಚನೆಗೆ ಸೇರಿತ್ತು. ಇಂದು ಅದೇ ಪದವು ಗಣಕಯಂತ್ರದ ‘ಫೈಲ್’ಗೆ ಸಂವಾದಿಯಾಗಿ ಬಳಕೆಯಲ್ಲಿದೆ. ಆದರೆ ಬಿಚ್ಚುವ ಅಧಿಕಾರವನ್ನು ಬಹುಮಟ್ಟಿಗೆ ತಂತ್ರಾಂಶವನ್ನು ರೂಪಿಸಿದವರೇ ಮೊದಲು ನಿರ್ಧರಿಸಿರುತ್ತಾರೆ.

ಯೂನಿಕ್ಸ್ ಪರಂಪರೆಯ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಪ್ರತಿ ಕಡತಕ್ಕೂ ಒಡೆಯ, ಗುಂಪು, ಇತರರು ಎಂಬ ಮೂರು ವರ್ಗಗಳಿಗೆ ಓದುವ, ಬರೆಯುವ ಹಾಗೂ ನಡೆಸುವ ಅನುಮತಿಗಳನ್ನು ಪ್ರತ್ಯೇಕವಾಗಿ ನೀಡಲಾಗುತ್ತದೆ. ಹೊಸಬರಿಗೂ ಸುಲಭವೆಂದು 2004ರಲ್ಲಿ ಬಂದ ಉಬುಂಟು ವ್ಯವಸ್ಥೆಯಲ್ಲಿ ಬಳಕೆದಾರನ ಸ್ವಂತ ಕಡತಕೋಶಕ್ಕೆ 755 ಎಂಬ ಅನುಮತಿಯು ಪೂರ್ವನಿಯೋಜಿತವಾಗಿತ್ತು. ಅಂದರೆ ಅದೇ ಯಂತ್ರದಲ್ಲಿ ಖಾತೆಯುಳ್ಳ ಯಾರಾದರೂ ಆ ಕೋಶವನ್ನು ಪ್ರವೇಶಿಸಿ, ಸಾಮಾನ್ಯವಾಗಿ ಅದರೊಳಗಿನ ಕಡತಗಳನ್ನು ಓದಬಹುದಾಗಿತ್ತು. 2021ರ ಏಪ್ರಿಲ್‌ನಲ್ಲಿ ಬಂದ 21.04 ಆವೃತ್ತಿಯಲ್ಲಿ ಇದನ್ನು 750ಕ್ಕೆ ಬದಲಿಸಿ, ‘ಇತರರ’ ಪ್ರವೇಶವನ್ನು ತಡೆಯಲಾಯಿತು. ಹೊಸದಾಗಿ ಸೃಷ್ಟಿಯಾದ ಖಾತೆಗಳಿಗಷ್ಟೇ ಈ ಬದಲಾವಣೆ ಅನ್ವಯಿಸಿತೆಂಬುದು ಗಮನಾರ್ಹ.

ವಿಂಡೋಸ್ ವ್ಯವಸ್ಥೆಯ ಸಮಸ್ಯೆ ಬೇರೆ ಬಗೆಯದು. ಅಲ್ಲಿ ಬಳಕೆದಾರನ ಸ್ವಂತ ಕೋಶಕ್ಕೆ ಇತರ ಸಾಮಾನ್ಯ ಖಾತೆಗಳಿಂದ ರಕ್ಷಣೆಯಿದೆ. ಆದರೆ ಸುರಕ್ಷಿತವೆಂದು ನಂಬಿ ಅನೇಕರು ಕಡತಗಳನ್ನು ಕೂಡಿಡುವ ‘ಡಿ’ ವಿಭಾಗದಲ್ಲಿ, ಆ ಯಂತ್ರದ ಯಾವುದೇ ಖಾತೆಯವರು ಅವನ್ನು ಓದುವುದಷ್ಟೇ ಅಲ್ಲ, ತಿದ್ದುವುದೂ ಸಾಮಾನ್ಯವಾಗಿ ಸಾಧ್ಯ.

ನಗರದಲ್ಲಿ ಒಬ್ಬನಿಗೆ ಒಂದು ಯಂತ್ರವಿದ್ದಾಗ ಇದು ಸಣ್ಣ ಲೋಪವೆನಿಸೀತು. ಶಿರಸಿ ತಾಲೂಕಿನ ದಾಸನಕೊಪ್ಪದಂತಹ ಊರಿನ ದೃಷ್ಟಿಯಿಂದ ನೋಡಿದಾಗ ಅದರ ಗಾತ್ರವೇ ಬೇರೆ. ಸೇವಾಕೇಂದ್ರ, ಶಾಲೆ, ಸಹಕಾರಿ ಸಂಘಗಳಲ್ಲಿ ಒಂದೇ ಯಂತ್ರವನ್ನು ಹಲವರು ಬಳಸುವ ಸಂದರ್ಭಗಳು ಇಂತಹ ಊರುಗಳಲ್ಲಿ ಸಹಜ. ಆಧಾರ್ ಪ್ರತಿ, ಪಹಣಿ, ಬ್ಯಾಂಕಿನ ಪಾಸ್‌ಪುಸ್ತಕ, ಜಾತಿ ಹಾಗೂ ಆದಾಯ ಪ್ರಮಾಣಪತ್ರಗಳು ಅಲ್ಲಿ ಸ್ಕ್ಯಾನ್ ಆಗಿ ಉಳಿಯುತ್ತವೆ. ಅರ್ಜಿ ಹಾಕಿಸಲು ಬಂದ ಕೃಷಿಕನಿಗೆ ತನ್ನ ಪತ್ರದ ಪ್ರತಿಯೊಂದು ಅಲ್ಲೇ ಉಳಿಯಿತೆಂಬ ಅರಿವೂ ಇರುವುದಿಲ್ಲ. ಪರಸ್ಪರ ಪರಿಚಯವಿರುವ ಊರಿನಲ್ಲಿ ಸಾಲದ ಮೊತ್ತವೋ ಜಮೀನಿನ ವ್ಯಾಜ್ಯವೋ ಬಯಲಾದರೆ ಅದರ ಪರಿಣಾಮವು ದೂರದ ಅಪರಿಚಿತ ವಂಚಕನ ಕೃತ್ಯಕ್ಕಿಂತ ಕಡಿಮೆಯದಲ್ಲ.

ಮುಕ್ತ ಅನುಮತಿಯು ಕಲಿಯುವವರಿಗೆ ಅನುಕೂಲ, ಮನೆಮಂದಿ ಕಡತಗಳನ್ನು ಹಂಚಿಕೊಳ್ಳಬೇಕಲ್ಲವೇ ಎಂಬ ವಾದವಿದೆ. ಅದರಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಮಲೆನಾಡಿನ ಮನೆಯ ಜಗಲಿ ಬಂದವರಿಗೆಲ್ಲ ತೆರೆದಿದ್ದರೂ ಒಳಮನೆಗೆ ಹೋಗಲು ಕರೆ ಬೇಕು. ಹಂಚಿಕೆಗೆಂದೇ ಪ್ರತ್ಯೇಕ ಕೋಶವಿರುವಾಗ ಉಳಿದುದೆಲ್ಲವೂ ಮುಚ್ಚಿರುವುದೇ ನ್ಯಾಯ. ಅನುಮತಿಯ ಅರ್ಥವನ್ನೇ ಅರಿಯದವನು ಪೂರ್ವನಿಯೋಜಿತ ಸ್ಥಿತಿಯನ್ನು ಬದಲಿಸುವುದಿಲ್ಲ. ಆದ್ದರಿಂದ ಅವನ ಪಾಲಿಗೆ ಅದೇ ಅಂತಿಮ ನಿರ್ಧಾರ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯೂ ರೂಪುಗೊಂಡಿತು. ಈ ಹಕ್ಕು ಹಳ್ಳಿಯ ಯಂತ್ರದವರೆಗೆ ತಲುಪಬೇಕಾದರೆ ಪ್ರತಿ ಬಳಕೆದಾರನಿಗೂ ಪ್ರತ್ಯೇಕ ಖಾತೆ ಮತ್ತು ಗುಪ್ತಪದ, ಮುಚ್ಚಿದ ಕೋಶ, ಕೆಲಸ ಮುಗಿದೊಡನೆ ಪ್ರತಿಗಳ ಅಳಿಸುವಿಕೆ ಇವು ಅಗತ್ಯ. ಯಂತ್ರವೇ ಕಳುವಾದರೆ ಅನುಮತಿಗಳು ರಕ್ಷಿಸಲಾರವಾದ್ದರಿಂದ ಗೂಢಲಿಪೀಕರಣವೂ ಬೇಕು.

ಇಲ್ಲಿ ಕನ್ನಡ ವಿಭಾಗಗಳ ಹೊಣೆಯೂ ಇದೆ. ‘ಇತರರು ಓದಬಹುದು’ ಎಂಬ ಸೂಚನೆಯು ತಿಳಿಗನ್ನಡದಲ್ಲಿ ಪರದೆಯ ಮೇಲೆ ಮೂಡಿದರೆ, ಓದಬಲ್ಲ ಯಾರಾದರೂ ‘ಬೇಡ’ವೆನ್ನಬಲ್ಲರು. ತಂತ್ರಾಂಶದ ಪರಿಭಾಷೆಯನ್ನು ರೂಪಿಸುವ ಕಾರ್ಯವು ಅಷ್ಟರಮಟ್ಟಿಗೆ ಹಕ್ಕಿನ ರಕ್ಷಣೆಯೂ ಆಗಿದೆ.