ಕಾರು ಮಗಳದು, ಹೆಸರು ಯಾರದು?

ತುಮಕೂರಿನ ತಾಯಿಯೊಬ್ಬರು ಬರೆದ ಪತ್ರ ಒಂದು ವಾರದಿಂದ ನನ್ನ ಮೇಜಿನ ಮೇಲಿದೆ. ಮಗಳಿಗೆ 22 ವರ್ಷ, ಬೆಂಗಳೂರಿನಲ್ಲಿ ಮೊದಲ ಕೆಲಸ. ಪಾಳಿ ಮುಗಿಯುವಾಗ ರಾತ್ರಿ ಹತ್ತು ಗಂಟೆ. ‘ಎರಡೂವರೆ ಲಕ್ಷದೊಳಗೆ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಡಿಸೋಣ ಅಂತಿದ್ದೇವೆ. ಚಿಕ್ಕ ವಯಸ್ಸಿನವರು ಓಡಿಸಿದರೆ ಇನ್ಶೂರೆನ್ಸ್ ವಿಪರೀತ ದುಬಾರಿ ಅಂತ ಅಮೆರಿಕದಲ್ಲಿರೋ ನನ್ನ ತಮ್ಮ ಹೆದರಿಸಿದ್ದಾನೆ. ಅದಕ್ಕೆ ಕಾರನ್ನ ಅವರಪ್ಪನ ಹೆಸರಿಗೇ ಮಾಡಿಸಿದರೆ ಕಡಿಮೆ ಆಗುತ್ತಾ?’ ಅಂತ ಕೇಳಿದ್ದಾರೆ.

ತಮ್ಮ ಸುಳ್ಳು ಹೇಳಿಲ್ಲ. ಅಮೆರಿಕ, ಬ್ರಿಟನ್ನುಗಳಲ್ಲಿ ವಿಮೆ ಕಂಪನಿ ಮೊದಲು ನೋಡೋದು ಸ್ಟಿಯರಿಂಗ್ ಹಿಡಿದವರನ್ನು. ಹದಿಹರೆಯದವರು ಅಂದ ಕೂಡಲೇ ಪ್ರೀಮಿಯಂ ಜಿಗಿಯುತ್ತದೆ. ಯುರೋಪಿನಲ್ಲಂತೂ ಒಂದು ಕಾಲಕ್ಕೆ ಯುವತಿಯರಿಗೆ ಯುವಕರಿಗಿಂತ ಕಡಿಮೆ ದರ ಇತ್ತು. ಗಂಡು-ಹೆಣ್ಣು ಅಂತ ಬೇರೆ ದರ ಹಾಕುವಂತಿಲ್ಲ ಎಂಬ ಕೋರ್ಟ್ ತೀರ್ಪಿನಿಂದಾಗಿ 2012ರ ಡಿಸೆಂಬರ್ 21ರಿಂದ ಆ ರಿಯಾಯಿತಿ ಹೋಯಿತು!

ನಮ್ಮಲ್ಲಿ ಲೆಕ್ಕವೇ ಬೇರೆ. ಇಲ್ಲಿ ಪಾಲಿಸಿ ಮುಖ್ಯವಾಗಿ ನೋಡೋದು ಕಾರನ್ನು. ಕಾನೂನಿನ ಪ್ರಕಾರ ಕಡ್ಡಾಯವಾದ ಥರ್ಡ್ ಪಾರ್ಟಿ ವಿಮೆಯ ದರವನ್ನು ಸರ್ಕಾರವೇ ನಿಗದಿ ಮಾಡುತ್ತದೆ, ಅದೂ ಎಂಜಿನ್ ಗಾತ್ರದ ಮೇಲೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1000 ಸಿಸಿವರೆಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, ಅದಕ್ಕಿಂತ ಹೆಚ್ಚು 1500 ಸಿಸಿವರೆಗೆ 3,416, ಅದರಾಚೆಗೆ 7,897. ಮೇಲೆ ಶೇ 18 ತೆರಿಗೆ. ಓಡಿಸೋರಿಗೆ 22 ಆದರೂ ಅಷ್ಟೇ, 62 ಆದರೂ ಅಷ್ಟೇ.

ಹಾಗಾಗಿ ಮೊದಲ ಕಾರು ಹುಡುಕುವಾಗ ಬಣ್ಣ, ಮ್ಯೂಸಿಕ್ ಸಿಸ್ಟಮ್ ನೋಡುವ ಮೊದಲು ಆರ್‌ಸಿಯಲ್ಲಿ ಬರೆದ ಸಿಸಿ ನೋಡಿ. ಮಾರುತಿ ಆಲ್ಟೊ, ಸೆಲೆರಿಯೊ, ಒಂದು ಲೀಟರ್ ಎಂಜಿನ್ನಿನ ವ್ಯಾಗನ್‌ಆರ್, ರೆನೊ ಕ್ವಿಡ್ ಇವೆಲ್ಲ 1000ದ ಒಳಗೇ ಬರುತ್ತವೆ. ಎಷ್ಟೋ ಮನೆಗಳ ಮುದ್ದಿನ ಸ್ಯಾಂಟ್ರೋ 1086 ಸಿಸಿ. ಎಂಬತ್ತಾರು ಸಿಸಿ ಹೆಚ್ಚಿದ್ದಕ್ಕೆ ಪ್ರತಿವರ್ಷ ತೆರಿಗೆ ಸೇರಿ ಸುಮಾರು 1,560 ರೂಪಾಯಿ ಜಾಸ್ತಿ. ಸ್ವಿಫ್ಟ್, ಟಿಯಾಗೊ ಕೂಡ ಆ ಕಡೆಯವೇ. ಚೆನ್ನಾಗಿರೋ ಸ್ವಿಫ್ಟ್ ಸಿಕ್ಕಿದರೆ ಇಷ್ಟಕ್ಕೇ ಬಿಡಿ ಅಂತ ನಾನು ಹೇಳಲಾರೆ. ಆದರೆ ಮೊದಲ ಸಂಬಳದವರಿಗೆ ಇದೂ ಒಂದು ಲೆಕ್ಕವೇ.

ಇನ್ನೊಂದು ಭಾಗ ನಮ್ಮದೇ ಕಾರಿನ ಹಾನಿಗೆ. ಇದರ ದರ ಕಂಪನಿಯಿಂದ ಕಂಪನಿಗೆ ಬೇರೆ, ನಾಲ್ಕು ಕಡೆ ಕೇಳಲೇಬೇಕು. ಕಾರಿನ ಈಗಿನ ಬೆಲೆ, ಅಂದ್ರೆ ಐಡಿವಿ, ಎಷ್ಟೋ ಅದರ ಮೇಲೆ ಪ್ರೀಮಿಯಂ. ಪ್ರೀಮಿಯಂ ಕಡಿಮೆ ಕಾಣಲಿ ಅಂತ ಏಜೆಂಟರು ಐಡಿವಿಯನ್ನೇ ತಗ್ಗಿಸಿ ಕೊಡೋದುಂಟು. ಕಾರು ಕಳುವಾದ ದಿನ ಕೈಗೆ ಸಿಗೋದೂ ಆ ತಗ್ಗಿಸಿದ ಮೊತ್ತವೇ. ಊರೂ ಲೆಕ್ಕಕ್ಕೆ ಬರುತ್ತದೆ: ಬೆಂಗಳೂರಿನಲ್ಲಿ ನೋಂದಣಿಯಾದ ಕಾರಿಗೆ ತುಮಕೂರಿನದ್ದಕ್ಕಿಂತ ತುಸು ಹೆಚ್ಚು. ವ್ಯತ್ಯಾಸ ಚಿಲ್ಲರೆ, ಅದಕ್ಕಾಗಿ ಅಜ್ಜಿ ಮನೆ ವಿಳಾಸ ಕೊಡುವ ಜಾಣತನ ಬೇಡ. ಹದಿಮೂರು-ಹದಿನಾಲ್ಕು ವರ್ಷದ ಕಾರೂ ಬೇಡ. ಹದಿನೈದಕ್ಕೆ ಆರ್‌ಸಿ ನವೀಕರಣದ ಓಡಾಟ ಶುರುವಾಗುತ್ತೆ.

ಈಗ ಪತ್ರದ ಅಸಲು ಪ್ರಶ್ನೆಗೆ ಬರೋಣ. ಅಪ್ಪನ ಹೆಸರಿಗೆ ಮಾಡಿಸಿದರೆ ಕಡಿಮೆ ಆಗುತ್ತಾ? ಹೆಸರು ಬದಲಿಸಿದ ಮಾತ್ರಕ್ಕೆ ಆಗೋದಿಲ್ಲ. ಬದಲಿಗೆ ಮಗಳು ಕಳೆದುಕೊಳ್ಳೋದು ಬಹಳ ಇದೆ, ಅದನ್ನ ಏಜೆಂಟರು ಹೇಳೋದು ಕಡಿಮೆ.

ಪಾಲಿಸಿಯಲ್ಲಿ ‘ಓನರ್-ಡ್ರೈವರ್’ ಅಪಘಾತ ವಿಮೆ ಅಂತ ಒಂದು ಸಾಲು ಇರುತ್ತದೆ. 2018ರಿಂದ ಇದರ ಮೊತ್ತ 15 ಲಕ್ಷ. ಹೆಸರೇ ಹೇಳುವಂತೆ ಇದು ಮಾಲೀಕರಿಗೆ ಮಾತ್ರ, ಅದೂ ಆರ್‌ಸಿಯಲ್ಲಿ ಹೆಸರಿದ್ದು ಕೈಯಲ್ಲಿ ಲೈಸೆನ್ಸ್ ಇರುವವರಿಗೆ. ಕಾರು ಅಪ್ಪನ ಹೆಸರಲ್ಲಿದ್ದು ರಾತ್ರಿ ಹತ್ತಕ್ಕೆ ಓಡಿಸಿಕೊಂಡು ಬರೋಳು ಮಗಳಾದರೆ, ಆ 15 ಲಕ್ಷ ಅವಳಿಗಿಲ್ಲ. ತುಮಕೂರಿನ ಮನೆಯಲ್ಲಿ ನಿದ್ದೆ ಮಾಡುತ್ತಿರುವ ಅಪ್ಪನಿಗಿದೆ! ಥರ್ಡ್ ಪಾರ್ಟಿ ಇದೆಯಲ್ಲ ಅನ್ನಬೇಡಿ. ಅದು ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ನಷ್ಟಕ್ಕೆ.

ಇದು ಬರೀ ಕಾಗದದ ಮಾತಲ್ಲ. ನಮ್ಮ ಇಳಕಲ್ಲಿನ ಕಡೆಯದೇ ಒಂದು ಪ್ರಕರಣ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. ಬೇರೆಯವರ ಬೈಕ್ ಎರವಲು ಪಡೆದು ಇಳಕಲ್ಲಿನಿಂದ ತನ್ನೂರು ಗುಡೂರಿಗೆ ಹೊರಟವನು, ಮುಂದೆ ಹೋಗುತ್ತಿದ್ದ ಎತ್ತಿನಗಾಡಿ ದಿಢೀರನೆ ನಿಂತಾಗ ಡಿಕ್ಕಿಯಾಗಿ ತೀರಿಕೊಂಡ. ಎರವಲು ಪಡೆದು ಓಡಿಸುವವನು ಮಾಲೀಕನ ಸ್ಥಾನದಲ್ಲೇ ನಿಂತಂತೆ. ಹಾಗಾಗಿ ಅವನ ಮನೆಯವರು ಕೇಳಿದ ಕಲಮಿನಡಿ ಆ ವಾಹನದ ವಿಮೆಯಿಂದ ಪರಿಹಾರ ಕೇಳಲಾಗದು ಎಂದು 2009ರಲ್ಲಿ ಕೋರ್ಟ್ ಹೇಳಿತು. ಬೇರೊಂದು ಕಲಮಿನಡಿ ಸಿಗುತ್ತದೆಯೇ ನೋಡಿ ಅಂತ ಪ್ರಕರಣ ಮತ್ತೆ ಹೈಕೋರ್ಟಿಗೆ ಬಂತು. ಮನೆಯ ದುಡಿಯುವ ಜೀವ ಹೋದ ಮೇಲೆ ಹೀಗೆ ಕೋರ್ಟಿನಿಂದ ಕೋರ್ಟಿಗೆ ಅಲೆಯೋದು ಯಾರಿಗೂ ಬೇಡ.

ಎರಡನೆಯದು ನೋ ಕ್ಲೇಮ್ ಬೋನಸ್. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ನಮ್ಮ ಕಾರಿನ ಹಾನಿಯ ಭಾಗದಲ್ಲಿ ಶೇ 20 ರಿಯಾಯಿತಿ. ಹಾಗೇ ಏರುತ್ತಾ ಸತತ ಐದು ವರ್ಷಕ್ಕೆ ಶೇ 50. ಈ ಬೋನಸ್ ಕಾರಿಗೆ ಸೇರಿದ್ದಲ್ಲ, ಮಾಲೀಕರಿಗೆ ಸೇರಿದ್ದು. ಕಾರು ಮಾರಿದರೂ ಪತ್ರ ಬರೆಸಿಕೊಂಡು ಮುಂದಿನ ಕಾರಿಗೆ ಒಯ್ಯಬಹುದು. ಮಗಳು ಐದು ವರ್ಷ ಜೋಪಾನವಾಗಿ ಓಡಿಸಿ, ಮದುವೆಯಾಗಿ ಬೇರೆ ಊರಿಗೆ ಹೋಗಿ ಹೊಸ ಕಾರು ಕೊಂಡಾಗ, ಆ ಶೇ 50 ಅಪ್ಪನ ಹೆಸರಲ್ಲೇ ಉಳಿಯುತ್ತದೆ. ಅಪ್ಪ ಬದುಕಿರುವಾಗ ಮಗಳಿಗೆ ಬರೆದುಕೊಡೋಕೂ ಬರೋದಿಲ್ಲ. ಅವಳು ಮತ್ತೆ ಸೊನ್ನೆಯಿಂದ!

ಗಂಡನ ಹೆಸರಿನ ಕಾರು ಓಡಿಸುವ ಹೆಂಗಸರಿಗೂ ಇದೇ ಮಾತು. ಇದರ ತಿರುವುಮುರುವೂ ಇದೆ. ಹೆಂಡತಿ ಹೆಸರಲ್ಲಿ ಕಾರು, ಅವಳ ಹತ್ರ ಲೈಸೆನ್ಸೇ ಇಲ್ಲ, ಓಡಿಸೋನು ಗಂಡ. ಆಗ ಆ 15 ಲಕ್ಷದ ರಕ್ಷಣೆ ಇಬ್ಬರಲ್ಲಿ ಒಬ್ಬರಿಗೂ ಇರೋದಿಲ್ಲ.

ಹಾಗಾಗಿ ನನ್ನ ಸಲಹೆ ಸ್ಪಷ್ಟ: ಓಡಿಸುವವಳ ಹೆಸರಿಗೇ ಕಾರು. ಏನೋ ಕಾರಣಕ್ಕೆ ಅಪ್ಪನ ಹೆಸರಲ್ಲೇ ಇರಬೇಕು ಅಂತಾದರೆ, ಮಗಳಿಗೆ ಪ್ರತ್ಯೇಕ ಅಪಘಾತ ವಿಮೆ ಮಾಡಿಸಿ. ಬ್ಯಾಂಕ್ ಖಾತೆ ಇದ್ದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆ. 2022ರಲ್ಲಿ ಪರಿಷ್ಕೃತವಾದಂತೆ ವರ್ಷಕ್ಕೆ 20 ರೂಪಾಯಿ, ಎರಡು ಲಕ್ಷದ ರಕ್ಷಣೆ. ಸಾಲದು, ಆದರೆ ಏನೂ ಇಲ್ಲದ್ದಕ್ಕಿಂತ ವಾಸಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಒಂದು ಎಚ್ಚರ. ‘ಇನ್ನೂ ಎಂಟು ತಿಂಗಳು ಇನ್ಶೂರೆನ್ಸ್ ಇದೆ ಮೇಡಂ’ ಅಂತಾರೆ. ಇದೆ, ಆದರೆ ಮಾರಿದವರ ಹೆಸರಲ್ಲಿ. ಥರ್ಡ್ ಪಾರ್ಟಿ ಭಾಗ ಕಾರಿನ ಜೊತೆಗೇ ಬರುತ್ತದೆ, ಕಾರಿನ ಹಾನಿಯ ಭಾಗ ಬರೋದಿಲ್ಲ. ನಮ್ಮ ಬೀದಿಯ ಟೀಚರ್ ಒಬ್ಬರು ಆರ್‌ಸಿ ವರ್ಗಾವಣೆ ಮಾಡಿಸಿ ಪಾಲಿಸಿ ಮರೆತಿದ್ದರು. ಬಂಪರ್, ಹೆಡ್‌ಲೈಟ್ ಹೋದಾಗ ಕಂಪನಿಯವರು ‘ನೀವ್ಯಾರು?’ ಅಂದರು. ಹದಿನಾಲ್ಕು ದಿನದೊಳಗೆ ವಿಮೆ ಕಂಪನಿಗೆ ಅರ್ಜಿ ಕೊಡಿ. ಹಳಬರ ಬೋನಸ್ ರಿಯಾಯಿತಿ ನಿಮಗೆ ಸಿಗೋದಿಲ್ಲ, ಆ ವ್ಯತ್ಯಾಸ ಕಟ್ಟಬೇಕಾಗುತ್ತೆ. ಚೌಕಾಸಿ ಮಾಡುವಾಗಲೇ ಅದನ್ನ ಕಳೆದು ಮಾತಾಡಿ.

ಕಲಿಯುವ ದಿನಗಳಲ್ಲಿ ಗೇಟಿಗೆ, ಕಂಬಕ್ಕೆ ಒರೆಸೋದು ಇದ್ದದ್ದೇ. ಸಾವಿರ-ಎರಡು ಸಾವಿರದ ಗೀರಿಗೆಲ್ಲ ಕ್ಲೇಮ್ ಮಾಡಿ ಬೋನಸ್ ಕಳೆದುಕೊಳ್ಳಬೇಡಿ. ಎಲ್ ಬೋರ್ಡ್ ಇದ್ದಾಗ ಪಕ್ಕದಲ್ಲಿ ಪಕ್ಕಾ ಲೈಸೆನ್ಸ್ ಇರೋರು ಕೂತಿರಲೇಬೇಕು. ಇಲ್ಲದಿದ್ದರೆ ಎಷ್ಟು ಒಳ್ಳೆಯ ಪಾಲಿಸಿ ಇದ್ದರೂ ಕಂಪನಿ ಕೈಯೆತ್ತಬಹುದು. ಮತ್ತೆ ಬೆಂಗಳೂರಿನ ಮಳೆ! 2022ರ ಸೆಪ್ಟೆಂಬರ್‌ನಲ್ಲಿ ಔಟರ್ ರಿಂಗ್ ರೋಡಿನಲ್ಲಿ ಕಾರುಗಳು ಮುಳುಗಿದ್ದು ನೆನಪಿರಬಹುದು. ನೀರಲ್ಲಿ ನಿಂತ ಕಾರನ್ನ ಸ್ಟಾರ್ಟ್ ಮಾಡಿ ಎಂಜಿನ್ ಕೆಟ್ಟರೆ ಸಾಮಾನ್ಯ ಪಾಲಿಸಿ ಕೊಡೋದಿಲ್ಲ. ಅದಕ್ಕೆ ಎಂಜಿನ್ ಪ್ರೊಟೆಕ್ಟ್ ಅಂತ ಬೇರೆಯೇ ಸೇರಿಸಿಕೊಳ್ಳಬೇಕು.

ತುಮಕೂರಿನ ತಾಯಿಗೆ ಇನ್ನೊಂದು ಮಾತು. ಕಾರು ನೋಡೋಕೆ ಹೋಗುವಾಗ ಮಗಳನ್ನೂ ಕರೆದೊಯ್ಯಿರಿ, ಫಾರಂ 30ಕ್ಕೆ ಕೊಳ್ಳುವವಳಾಗಿ ಸಹಿ ಹಾಕಬೇಕಾದವಳು ಅವಳೇ.